ಎರಡೂವರೆ ಸ್ಟಾರ್

ಸೋಫಾ ರಿಪೇರಿ ಮಾಡುವವನಿಗೆ ಕುಸ್ತಿಯ ವಿಷಯ ಏನು ಗೊತ್ತು ಎಂದು ಯಾರಾದರೂ ಕೇಳಿದರೆ, ಪಾಪ, ಅವರಿಗೆ ರೆಫರಿಯ ಪರಿಚಯವಿಲ್ಲ ಎಂದೇ ಅರ್ಥ. ಹಾಗಂತ ಅವನು ಯಾವ ಅಖಾಡಕ್ಕೂ ಇಳಿದವನಲ್ಲ. ಮನೆಯ ಕೆಳಗೇ ಅಂಗಡಿ. ಬೆಳಗಿನಿಂದ ಸಂಜೆಯವರೆಗೆ ಹಳೇ ಸೋಫಾಗಳ ಹೊಟ್ಟೆ ಬಗೆದು ಹೊಸ ಫೋಮ್ ತುಂಬುವುದು, ಸ್ಪ್ರಿಂಗ್ ಕಟ್ಟುವುದು, ರೆಕ್ಸಿನ್ ಎಳೆದು ಪಿನ್ನು ಹೊಡೆಯುವುದು ಅವನ ಕಸುಬು. ಆದರೆ ಟಿವಿಯಲ್ಲಿ ಬರುವ ಆ ದೀಪ, ಹೊಗೆ, ಮಿರಮಿರ ಚಡ್ಡಿಗಳ ಕುಸ್ತಿಯನ್ನು ಇಪ್ಪತ್ತೆರಡು ವರ್ಷದಿಂದ ಒಂದು ವಾರವೂ ತಪ್ಪಿಸದೆ ನೋಡಿದವನು. ಪ್ರತಿ ಶುಕ್ರವಾರ ಊಟವಾದ ಮೇಲೆ ಫೋನನ್ನು ಬಾಯಿಯ ಹತ್ತಿರ ಹಿಡಿದು ಆ ವಾರದ ಪಂದ್ಯಗಳ ಮೇಲೆ ತೀರ್ಪು ಹೇಳಿ, ಮುನ್ನೂರು ಚಿಲ್ಲರೆ ಅಭಿಮಾನಿಗಳ ಗುಂಪಿಗೆ ಕಳಿಸುತ್ತಿದ್ದ. ಐದರಲ್ಲಿ ಇಷ್ಟು ಸ್ಟಾರ್ ಎಂದು ಅವನು ಅಂದರೆ ಮುಗಿಯಿತು, ಅದಕ್ಕೆ ಮೇಲ್ಮನವಿ ಇಲ್ಲ. ರೆಫರಿ ಎಂಬ ಹೆಸರು ಗುಂಪಿನವರು ಇಟ್ಟಿದ್ದು. ಕೊನೆಗೆ ಅದು ಬೀದಿಗೂ ಮನೆಗೂ ಹತ್ತಿತು.

“ಗೆಲ್ಲೋದು ಸೋಲೋದು ಮೊದಲೇ ಬರೆದಿಟ್ಟಿರ್ತಾರೆ ಅಂತ ಹಾಲು ಕುಡಿಯೋ ಮಗೂಗೂ ಗೊತ್ತು,” ಎನ್ನುತ್ತಿದ್ದ ಅವನು. “ಏನಡುಗೆ ಅಂತ ಮೊದಲೇ ಗೊತ್ತಿದ್ರೆ ಊಟ ರುಚಿಸಲ್ವಾ? ಯಾರು ಗೆದ್ದ ಅಂತ ನೋಡಬಾರದು, ಏಟು ತಿಂದವನು ಹೇಗೆ ಬಿದ್ದ ಅಂತ ನೋಡಬೇಕು.”

ಬೀಳದ ಏಟನ್ನು ಬಿದ್ದಂತೆ ನಂಬಿಸುವುದಕ್ಕೆ ಅವರ ಭಾಷೆಯಲ್ಲಿ ‘ಸೆಲ್ ಮಾಡುವುದು’ ಎನ್ನುತ್ತಾರೆ. ಯಾರು ಚೆನ್ನಾಗಿ ಸೆಲ್ ಮಾಡಿದ, ಯಾರಿಗೆ ನಿಜವಾಗಿ ಪೆಟ್ಟಾಯಿತು ಎಂಬುದನ್ನು ತಾನು ಅರ್ಧ ಸೆಕೆಂಡಿನಲ್ಲಿ ಹೇಳಬಲ್ಲೆ ಎನ್ನುವುದು ರೆಫರಿಯ ಜಂಬ. ಹೆಂಡತಿ ಮಾತ್ರ, “ಊರವರ ಸೊಂಟಕ್ಕೆ ಬಿದ್ದ ಏಟೆಲ್ಲ ನೋಡಿದ್ದಾಯ್ತು, ಸಿಂಕಿನ ನಲ್ಲಿ ತಿಂಗಳಿಂದ ಸೋರ್ತಿದೆ, ಅದಕ್ಕೂ ಎರಡು ಸ್ಟಾರ್ ಕೊಡಿ,” ಎನ್ನುತ್ತಿದ್ದಳು.

ಮನೆಯಲ್ಲಿ ಅವನಿಗೆ ಜೊತೆಯಾಗಿದ್ದವನು ಅಪ್ಪ. ಬಸ್ ಕಂಡಕ್ಟರ್ ಆಗಿ ನಿವೃತ್ತನಾದ, ಎಪ್ಪತ್ತಾರರ, ತಮಾಷೆಯ ಮುದುಕ. ಸ್ಟಾರ್ ಗೀರ್ ಅವನಿಗೆ ಬೇಕಿರಲಿಲ್ಲ. ಒಳ್ಳೆಯವನು ಗೆಲ್ಲಬೇಕು, ಕೆಟ್ಟವನು ಒದೆ ತಿನ್ನಬೇಕು, ಅಷ್ಟೇ. “ಅಪ್ಪ, ಬಟ್ಟೆ ಮಡಚು,” ಎಂದರೆ ಸಾಕು, ಸೊಂಟ ಹಿಡಿದು, ಕಣ್ಣು ಮೇಲೆ ಮಾಡಿ ಸೋಫಾದ ಮೇಲೆ ಧೊಪ್ಪೆಂದು ಬಿದ್ದು, ಒಂದು ಕೈ ಮಾತ್ರ ಮೇಲೆತ್ತಿ ನಡುಗಿಸುವನು. ಅದು ಅವನ ಮೆಚ್ಚಿನ, ‘ಸಿಡಿಲು’ ಎಂಬ ಹಳೇ ಜಟ್ಟಿ ಬೀಳುವ ರೀತಿ. ರೆಫರಿ ಒಂದು, ಎರಡು, ಮೂರು ಎಣಿಸಿ ಸ್ಟಾರ್ ಹೇಳುವನು. ಹೈಸ್ಕೂಲಿಗೆ ಹೋಗುವ ಮಗಳು ಬಿದ್ದು ಬಿದ್ದು ನಗುವಳು. ಬಟ್ಟೆ ಹೆಂಡತಿ ಮಡಚುವಳು.

ಒಂದು ಶುಕ್ರವಾರ ಅಪ್ಪ ಮಗನ ನಡುವೆ ಮಾತು ಕೆಟ್ಟಿತು. ಐವತ್ತೆರಡು ವರ್ಷದ ಸಿಡಿಲು ಭಾನುವಾರ ಕೊನೆಯ ಪಂದ್ಯ ಆಡುವುದೆಂದು ಸುದ್ದಿ ಬಂದಿತ್ತು. ರೆಫರಿ ಫೋನಿಗೆ ಹೇಳುತ್ತಿದ್ದ: “ಹಗ್ಗ ಹಿಡ್ಕೊಳ್ಳದೆ ಎದ್ದು ನಿಲ್ಲೋಕಾಗಲ್ಲ ಈ ಮನುಷ್ಯನಿಗೆ. ಎದುರಾಳಿ ಗರಗಸಾನೇ ಅವನನ್ನ ಹೊತ್ಕೊಂಡು ಪಂದ್ಯ ಮುಗಿಸಬೇಕು. ಇಂಥವರಿಗೆ ಒಂದು ಕಂಬಳಿ ಹೊದಿಸಿ ಮನೇಲಿ ಕೂರಿಸಬೇಕು ಸ್ವಾಮಿ, ರಿಂಗಲ್ಲಿ ಏನು ಕೆಲಸ?”

ಪಕ್ಕದಲ್ಲಿ ಚಹಾಕ್ಕೆ ಬಿಸ್ಕತ್ತು ಅದ್ದುತ್ತಿದ್ದ ಅಪ್ಪ ಕಪ್ಪು ಕೆಳಗಿಟ್ಟ. “ಮನೇಲಿ ಕೂತವರನ್ನ ಯಾರಪ್ಪ ಹೊತ್ಕೊಂಡಿರೋದು?”

“ಅಯ್ಯೋ, ನಾನು ಸಿಡಿಲಿನ ವಿಷಯ ಹೇಳಿದ್ದು.”

“ನಾನೂ ಅವನ ವಿಷಯಾನೇ ಕೇಳಿದ್ದು. ಮೂವತ್ತೈದು ವರ್ಷ ಬಸ್ಸಲ್ಲಿ ನಿಂತಿದೀನಿ. ಯಾವನನ್ನೂ ಅವನ ಸ್ಟಾಪ್ ಬರೋಕೆ ಮುಂಚೆ ಇಳಿಸಿಲ್ಲ.”

“ವಯಸ್ಸಾಯ್ತು ಅಂದ್ರೆ ತಪ್ಪಾ? ಇರೋದು ಹೇಳಿದ್ರೆ ಎದ್ದು ಬಂದು ಎದೆಗೆ ಒದ್ದರಂತೆ.”

“ಹೇಳು, ಹೇಳು. ಮುನ್ನೂರು ಜನ ಕೇಳೋರಿದಾರೆ ನಿನಗೆ.”

ಅಷ್ಟೇ. ಶನಿವಾರ ಪೂರ್ತಿ ಅಪ್ಪ ಮಗನಿಗೆ ಬೆನ್ನು ಹಾಕಿ ಉಂಡ. ಕುಡಿಯುವ ನೀರನ್ನೂ ತಾನೇ ಹೋಗಿ ತಂದುಕೊಂಡ. “ಇಬ್ಬರು ಸಣ್ಣ ಮಕ್ಕಳನ್ನ ಸಾಕ್ತಿದೀನಿ,” ಎಂದಳು ಹೆಂಡತಿ. ಅವಳಿಗೆ ಬೇರೆ ಸಂಭ್ರಮವಿತ್ತು. ಸಿದ್ಧ ಉಡುಪಿನ ಫ್ಯಾಕ್ಟರಿಯಲ್ಲಿ ಹನ್ನೊಂದು ವರ್ಷ ಶರ್ಟಿನ ಕಾಲರ್ ಹೊಲಿದ ಮೇಲೆ, ಮುಂದಿನ ತಿಂಗಳಿಂದ ಅವಳನ್ನು ಸೂಪರ್‌ವೈಸರ್ ಮಾಡುವುದಾಗಿ ಹೇಳಿದ್ದರು.

ಭಾನುವಾರ ಮೋಡ ಕವಿದಿತ್ತು. ಹೆಂಡತಿ ಏಳು ಗಂಟೆಗೆ ಮನೆ ಒರೆಸಿ ಓವರ್‌ಟೈಮಿಗೆ ಹೋದಳು. ಮಗಳು ಗೆಳತಿಯ ಮನೆಗೆ ಓದಲು ಹೋದಳು. ಪಂದ್ಯ ಹನ್ನೊಂದಕ್ಕೆ. ಹತ್ತು ಮುಕ್ಕಾಲಿಗೆ ರೆಫರಿ ಅಡುಗೆಮನೆಗೆ ಹೋಗಿ, ಸೋಡಾಕ್ಕೆಂದು ಐಸಿನ ಟ್ರೇಯನ್ನು ಕಟ್ಟೆಗೆ ಕುಟ್ಟಿದ. ನಾಲ್ಕೈದು ತುಂಡು ನೆಲಕ್ಕೆ ಹಾರಿದವು. ಕಾಲಿನಿಂದ ಅತ್ತ ತಳ್ಳಿದ. ಆಮೇಲೆ ಒರೆಸಿದರಾಯಿತು ಅಂದುಕೊಂಡ.

ಸಿಡಿಲು ಹೊಗೆಯ ನಡುವೆ ನಡೆದು ಬರುತ್ತಿದ್ದ ಹೊತ್ತಿಗೆ ಅಪ್ಪ ಕೋಣೆಯಿಂದ ಎದ್ದು, ಮಗನತ್ತ ನೋಡದೆ, ಲೋಟ ಹಿಡಿದು ಅಡುಗೆಮನೆಗೆ ಹೋದ. ಲೋಟ ಉರುಳಿದ ಸದ್ದು, ಹಿಂದೆಯೇ ಧೊಪ್ಪೆಂಬ ಸದ್ದು. ರೆಫರಿ ಕೂತಲ್ಲಿಂದಲೇ ಕತ್ತು ಹೊರಳಿಸಿದ. ಬಾಗಿಲಲ್ಲಿ ಅಪ್ಪ ಅಂಗಾತ ಬಿದ್ದಿದ್ದ. ಒಂದು ಕೈ ಮೇಲಕ್ಕೆದ್ದಿತ್ತು, ನಡುಗುತ್ತಿತ್ತು.

“ಮಗಾ,” ಅಂದ ಅಪ್ಪ.

ರೆಫರಿಗೆ ಖುಷಿಯಾಯಿತು. ಇದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ, ಅವನಿಗೆ ನಿಜವಾಗಿ ಖುಷಿಯಾಯಿತು. ಮುದುಕ ಕೋಪ ಬಿಟ್ಟು ರಾಜಿಗೆ ಬಂದನಲ್ಲ ಎಂದು ನಕ್ಕ. “ಒಂದು, ಎರಡು, ಮೂರು. ಎರಡೂವರೆ ಸ್ಟಾರ್ ಅಪ್ಪಾ. ಕೈ ನಡುಗಿಸೋದು ಹಳೇದಾಯ್ತು. ಏಳು, ನಿನ್ನ ಸಿಡಿಲು ಬಂದ.”

“ಮಗಾ, ಏಳೋಕಾಗ್ತಿಲ್ಲ ಕಣೋ.”

ಪರವಾಗಿಲ್ಲ, ಮಾತೂ ಸೇರಿಸಿದಾನೆ ಎಂದುಕೊಂಡು ರೆಫರಿ ಹೆಡ್‌ಫೋನ್ ಕಿವಿಗೇರಿಸಿದ. ದೊಡ್ಡ ಪಂದ್ಯಕ್ಕೆ ಜನರ ಗದ್ದಲ ಕಿವಿಯೊಳಗೇ ಮೊಳಗಬೇಕು, ಅದು ಅವನ ಅಭ್ಯಾಸ. ಮಧ್ಯೆ ಒಮ್ಮೆ ಕಡೆಗಣ್ಣಿಗೆ ಆ ಎತ್ತಿದ ಕೈ ಕಾಣಲಿಲ್ಲ. ಎದ್ದು ಹೋಗಿರಬೇಕು ಅಂದುಕೊಂಡ. ಸಿಡಿಲು ಅವತ್ತು ಹೇಗೆ ಬಿದ್ದನೆಂದರೆ, ಗರಗಸ ಬೆನ್ನಿಗೆ ಕುರ್ಚಿಯಿಂದ ಬಾರಿಸಿದಾಗ ಮಂಡಿಯೂರಿ, ಎದ್ದೇಳಲು ಹಗ್ಗ ಹುಡುಕಿ, ಹಗ್ಗ ಸಿಗದೆ ಹೇಗೆ ಕುಸಿದನೆಂದರೆ, ರೆಫರಿಯ ಕಣ್ಣಲ್ಲಿ ನೀರು ಬಂತು. ಇಪ್ಪತ್ತೆರಡು ವರ್ಷದಲ್ಲಿ ಅವನು ಐದಕ್ಕೆ ಐದು ಕೊಟ್ಟ ಪಂದ್ಯಗಳು ಮೂರೇ. ಇದು ನಾಲ್ಕನೆಯದು.

ನಲವತ್ತು ನಿಮಿಷವಾದ ಮೇಲೆ ಕಣ್ಣೊರೆಸಿಕೊಂಡು, ಹೆಡ್‌ಫೋನ್ ತೆಗೆದು ಎದ್ದ. ಅಪ್ಪ ಅಲ್ಲೇ ಇದ್ದ. ಮುಖ ಸುಣ್ಣದಂತಾಗಿತ್ತು. ಪೈಜಾಮ ಒದ್ದೆಯಾಗಿತ್ತು, ಅದು ಬರೀ ಐಸಿನ ನೀರಲ್ಲ.

“ಪಂದ್ಯ ಮುಗೀತಾ?” ಎಂದು ಕೇಳಿದ ಅಪ್ಪ.

ತೊಡೆಯ ಮೂಳೆ ಸೊಂಟದ ಹತ್ತಿರ ಮುರಿದಿತ್ತು. ಆಸ್ಪತ್ರೆಯಲ್ಲಿ ಡಾಕ್ಟರು, “ಎಷ್ಟು ಹೊತ್ತು ಬಿದ್ದಿದ್ರು?” ಎಂದು ಕೇಳುವ ಹೊತ್ತಿಗೆ ಹೆಂಡತಿ ಫ್ಯಾಕ್ಟರಿಯಿಂದ, ಅವನ ಅಕ್ಕ ತನ್ನ ಮನೆಯಿಂದ ಓಡಿ ಬಂದಿದ್ದರು. ಅಕ್ಕ ಶಾಲೆಯ ಟೀಚರು. ಅವಳೆದುರು ತಪ್ಪು ಒಪ್ಪಿಕೊಳ್ಳುವುದೆಂದರೆ ರೆಫರಿಗೆ ಚಿಕ್ಕಂದಿನಿಂದ ಕೈಕಾಲು ತಣ್ಣಗಾಗುತ್ತದೆ.

“ಗೊತ್ತಿಲ್ಲ ಡಾಕ್ಟ್ರೇ,” ಅಂದ. “ನಾನು ಕೆಳಗೆ ಅಂಗಡೀಲಿದ್ದೆ. ಪಿನ್ನು ಹೊಡೆಯೋ ಕಂಪ್ರೆಸರ್ ಓಡ್ತಿತ್ತು. ಏನೂ ಕೇಳಿಸ್ಲಿಲ್ಲ.”

ಸ್ಟ್ರೆಚರಿನ ಮೇಲಿದ್ದ ಅಪ್ಪ ಅವನನ್ನು ನೋಡಿದ, ಆಮೇಲೆ ಮೇಲಿನ ಫ್ಯಾನು ನೋಡಿದ.

“ನೆಲ ಒದ್ದೆ ಇತ್ತೇನೋ?” ಎಂದಳು ಅಕ್ಕ.

“ಇತ್ತು,” ಅಂದ ರೆಫರಿ. ಅವತ್ತು ಅವನ ಬಾಯಿಂದ ಬಂದ ನಿಜ ಅದೊಂದೇ, ಮತ್ತು ಅದೇ ಎಲ್ಲಕ್ಕಿಂತ ದೊಡ್ಡ ಅನ್ಯಾಯ ಮಾಡಿತು. ಅಕ್ಕ ತಿರುಗಿದ್ದು ಅವನ ಹೆಂಡತಿಯ ಕಡೆಗೆ.

“ಮೋಡದ ದಿನ ನೆಲಕ್ಕೆ ನೀರು ಹಾಕಿ, ಒಣಗೋಕೂ ಬಿಡದೆ ಕೆಲಸಕ್ಕೆ ಓಡಿದ್ಯಾ? ವಯಸ್ಸಾದವರು ಮನೇಲಿರೋದು ನೆನಪಿರ್ಲಿಲ್ವಾ?”

“ಹಿಂಡಿ ಒರೆಸಿದ್ದೆ ಅಕ್ಕಾ.”

“ಹಿಂಡಿದ್ರೆ ಅಪ್ಪ ಯಾಕೆ ಜಾರ್ತಿದ್ದ?”

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ. ಏಳಕ್ಕೆ ಒರೆಸಿದ ನೆಲ ಹನ್ನೊಂದಕ್ಕೂ ಒದ್ದೆ ಇರುತ್ತದೆಯೇ ಎಂದು ಬರೆ ಎಳೆಸಿಕೊಂಡವಳು ಯೋಚಿಸಲೇ ಇಲ್ಲ. ಯೋಚಿಸಲು ಅವಳಿಗೆ ಬಿಡುವಿರಲಿಲ್ಲ, ಮಾವನ ಕಾಲನ್ನು ನೋಡಿ ಅಳುತ್ತಿದ್ದಳು.

ಕಾಲಿಗೆ ರಾಡ್ ಹಾಕಿಸಿಕೊಂಡು ಅಪ್ಪ ಆರನೇ ದಿನ ಮನೆಗೆ ಬಂದ. ಹಾಲಿನಲ್ಲೇ ಮಂಚ ಹಾಕಿದರು. ಹೆಂಡತಿ ಐದಕ್ಕೆ ಏಳತೊಡಗಿದಳು. ನೆಲ ಒರೆಸಿ, ಮತ್ತೆ ಒಣ ಬಟ್ಟೆಯಿಂದ ಮಂಡಿಯೂರಿ ಒರೆಸಿ, ಆಮೇಲೆ ಅಂಗೈ ಇಟ್ಟು ಮುಟ್ಟಿ ನೋಡುವಳು. ಮಾವನಿಗೆ ಗಂಜಿ ಕುಡಿಸಿ, ಬೆಡ್‌ಪ್ಯಾನ್ ತೊಳೆದು, ಡಬ್ಬಿ ಕಟ್ಟಿಕೊಂಡು ಎಂಟಕ್ಕೆ ಓಡುವಳು. ಓವರ್‌ಟೈಮು ಬಿಟ್ಟಳು. ಮಾವನ ಎದುರು ನಗುವುದನ್ನೂ ಬಿಟ್ಟಳು.

ಹಾಸಿಗೆಯಿಂದಲೇ ಅವಳು ನೆಲ ಮುಟ್ಟುವುದನ್ನು ನೋಡುತ್ತ ರೆಫರಿ ಮಗ್ಗುಲು ಬದಲಿಸುವನು. ಸಿಂಕಿನ ನಲ್ಲಿ ರಿಪೇರಿ ಮಾಡಿದ. ಕೇಳದಿದ್ದರೂ ತರಕಾರಿ ತಂದ. ಅವಳಿಗೆ ಹೊಸ ಚಪ್ಪಲಿ ತಂದ. “ಏನು, ಇದ್ದಕ್ಕಿದ್ದಂತೆ?” ಎಂದು ಅವಳು ಕೇಳಿದರೆ, ಕಳ್ಳನ ಮನಸ್ಸು ಹುಳ್ಳುಳ್ಳಗೆ ಎನ್ನುವಂತೆ, “ಏನಿಲ್ಲಪ್ಪ, ಅಂಗಡಿ ಪಕ್ಕದಲ್ಲೇ ಮಾರ್ತಿದ್ರು,” ಎಂದು ಬೆವರಿದ.

ಗುಂಪಿನವರು ದಿನಕ್ಕೆ ಹತ್ತು ಸಲ ಕೇಳುತ್ತಿದ್ದರು: ‘ರೆಫರಿ ಸಾರ್, ಸಿಡಿಲಿನ ಪಂದ್ಯಕ್ಕೆ ಎಷ್ಟು?’ ಎರಡು ಶುಕ್ರವಾರ ಹೋದವು. ಅವನು ಫೋನು ಬಾಯಿಯ ಹತ್ತಿರ ತಂದು, ಉಸಿರು ಎಳೆದುಕೊಂಡು, ಜೇಬಿಗೆ ಹಾಕಿದ. ಬಿದ್ದವನು ನಿಜವಾಗಿ ಬಿದ್ದನೋ ಇಲ್ಲವೋ ಎಂದು ಯಾವ ಬಾಯಲ್ಲಿ ಹೇಳುವುದು?

ಹೊಲಿಗೆ ಬಿಚ್ಚಿಸಲು ಹೋದಾಗ ಡಾಕ್ಟರನ್ನು ಬದಿಗೆ ಕರೆದು ಕೇಳಿದ. “ಒಂದು ಪಕ್ಷ ತಕ್ಷಣ ಎತ್ತಿದ್ರೆ ಇಷ್ಟಾಗ್ತಿರಲಿಲ್ವಾ ಡಾಕ್ಟ್ರೇ?”

“ಮೂಳೆ ಬಿದ್ದ ಕ್ಷಣಕ್ಕೇ ಮುರಿದಿದೆ. ಹತ್ತು ನಿಮಿಷ ಆಗಿದ್ರೂ ಇದೇ ಆಪರೇಷನ್,” ಅಂದರು ಅವರು.

ಅವನಿಗೆ ಎದೆ ಹಗುರಾಯಿತು. ಮನೆ ಮೆಟ್ಟಿಲು ಹತ್ತುವವರೆಗೆ. ಒಳಗೆ ಹೆಂಡತಿ ಮಾವನ ಕಾಲ ಹತ್ತಿರ ಕೂತು, “ನನ್ನಿಂದ ನಿಮಗೆ ಹೀಗಾಯ್ತಲ್ಲ ಮಾವ,” ಎನ್ನುತ್ತಿದ್ದಳು. ಅಪ್ಪ ಗೋಡೆ ನೋಡುತ್ತ, “ಇರಲಿ ಬಿಡಮ್ಮ,” ಎನ್ನುತ್ತಿದ್ದ.

ಮರುದಿನ ಅಪ್ಪನಿಗೆ ಗಡ್ಡ ಹೆರೆಯುತ್ತ ರೆಫರಿ ಮೆಲ್ಲಗೆ ಕೇಳಿದ. “ಅಪ್ಪ, ಯಾಕೆ ಹೇಳ್ಲಿಲ್ಲ?”

“ಏನಂತ ಹೇಳ್ಲಿ? ಬಿದ್ದಿದ್ದೆ, ಮಗ ನೋಡಿ ನಕ್ಕ ಅಂತಾನಾ? ನನಗೇ ನಾಚಿಕೆ ಆಗುತ್ತೆ ಕಣೋ. ದಿನಾ ನಾಟಕ ಆಡಿದವನು ನಾನೇ ಅಲ್ವಾ.”

“ಅವಳ ತಲೆ ಮೇಲೆ ಬಂತಲ್ಲ ಅಪ್ಪ.”

ಕೆನ್ನೆಯ ಮೇಲಿನ ಸೋಪು ಒಣಗಿತು. “ಅವಳು ಗಟ್ಟಿ. ತಡ್ಕೋತಾಳೆ. ನೀನು ತಡ್ಕೊಳ್ಳಲ್ಲ.”

ರೆಫರಿ ಆ ಮಾತಿಗೆ ಇಲ್ಲ ಅನ್ನಬೇಕಿತ್ತು. ಬ್ಲೇಡು ತೊಳೆದು ಬಂದ.

ನಾಲ್ಕನೇ ವಾರದ ಶನಿವಾರ ಸಂಜೆ ಊಟಕ್ಕೆ ಕೂತಾಗ ಹೆಂಡತಿ ಅನ್ನ ಬಡಿಸುತ್ತ ಹೇಳಿದಳು. “ಸೋಮವಾರ ಫ್ಯಾಕ್ಟರಿಗೆ ಕಾಗದ ಕೊಡ್ತೀನಿ. ಕೆಲಸ ಬಿಡ್ತಿದೀನಿ.”

ಮಗಳು ಕೈ ನಿಲ್ಲಿಸಿದಳು. “ಅಮ್ಮ, ನಿನ್ನನ್ನ ಸೂಪರ್‌ವೈಸರ್ ಮಾಡ್ತಾರೆ ಅಂದಿದ್ಯಲ್ಲ. ಹನ್ನೊಂದು ವರ್ಷ ಕಾದಿದೀಯ.”

“ಕಾದಿದ್ದಕ್ಕೇ ಆತುರ ಬಿದ್ದೆ. ನನ್ನ ಆತುರಕ್ಕೆ ತಾತ ಮಂಚ ಹಿಡಿದ್ರು. ಇನ್ನೊಂದು ಸಲ ಬಿದ್ರೆ ನಾನು ಬದುಕಿರಲ್ಲ.”

“ಬಿಡಬೇಡ ಕಣೆ,” ಅಂದ ರೆಫರಿ. “ನಾನು ನೋಡ್ಕೋತೀನಿ.”

“ನೀವು ಅಂಗಡೀಲಿರ್ತೀರಿ. ಆ ಕಂಪ್ರೆಸರ್ ಸದ್ದಲ್ಲಿ ಮನೇಲಿ ಏನಾದ್ರೂ ನಿಮಗೇನು ಕೇಳಿಸುತ್ತೆ?”

ಚುಚ್ಚುವುದಕ್ಕೆ ಅಂದದ್ದಲ್ಲ. ನಂಬಿ ಅಂದದ್ದು. ಅವನು ಹೇಳಿದ ಸುಳ್ಳನ್ನೇ ಅವಳು ಕಣ್ಣಿಗೊತ್ತಿಕೊಂಡು, ಅದರ ಮೇಲೆ ತನ್ನ ಕೆಲಸವನ್ನೇ ಇಟ್ಟುಬಿಟ್ಟಿದ್ದಳು. ರೆಫರಿ ಸಾರು ಹಾಕಿಸಿಕೊಂಡ. ಆ ಹೊತ್ತಿಗೇ ಹೇಳಬೇಕಿತ್ತು, ಹೇಳಲಿಲ್ಲ. ಹೇಡಿತನಕ್ಕೆ ಇನ್ನೊಂದು ರಾತ್ರಿ ಸಿಕ್ಕಿತು.

ಭಾನುವಾರ ಮಧ್ಯಾಹ್ನ ಅಕ್ಕ ಹಣ್ಣು ಹಿಡಿದು ಬಂದಳು. ಎಲ್ಲರೂ ಅಪ್ಪನ ಮಂಚದ ಪಕ್ಕವೇ ಊಟಕ್ಕೆ ಕೂತರು. ಕೆಲಸ ಬಿಡುವ ವಿಷಯ ಕೇಳಿದ ಅಕ್ಕ ತಲೆಯಾಡಿಸಿದಳು. “ಒಳ್ಳೇದೇ ಮಾಡಿದೆ. ಈ ಬುದ್ಧಿ ಮೊದಲೇ ಬಂದಿದ್ರೆ ಅಪ್ಪ ಇವತ್ತು ಓಡಾಡ್ತಿದ್ದ.”

ಹೆಂಡತಿ ತಲೆ ತಗ್ಗಿಸಿ ಅನ್ನ ಕಲಸಿದಳು.

“ಅಕ್ಕಾ, ಐಸ್ ಚೆಲ್ಲಿದ್ದು ನಾನು,” ಅಂದ ರೆಫರಿ.

ತನ್ನ ದನಿ ತನಗೇ ಗುರುತು ಸಿಗಲಿಲ್ಲ. ಒಂದು ಸಲ ಹೊರಟ ಮಾತು ನಿಲ್ಲಲಿಲ್ಲ. “ಅವಳು ಒರೆಸಿದ ನೆಲ ಯಾವಾಗಲೋ ಒಣಗಿತ್ತು. ಐಸ್ ಕುಟ್ಟಿ ಚೆಲ್ಲಿದೆ, ಒರೆಸ್ಲಿಲ್ಲ. ನಾನು ಅಂಗಡೀಲೂ ಇರ್ಲಿಲ್ಲ. ಇಲ್ಲೇ ಕೂತಿದ್ದೆ, ಟಿವಿ ಮುಂದೆ. ಅಪ್ಪ ಬಿದ್ದಿದ್ದು ನೋಡಿದೆ. ನಾಟಕ ಅಂದ್ಕೊಂಡು ನಕ್ಕೆ. ಎರಡೂವರೆ ಸ್ಟಾರ್ ಅಂದೆ. ಪಂದ್ಯ ಮುಗಿಯೋವರೆಗೆ, ನಲವತ್ತು ನಿಮಿಷ, ಏಳ್ಲಿಲ್ಲ.”

ಮಗಳು ತಟ್ಟೆ ಪಕ್ಕಕ್ಕೆ ಸರಿಸಿದಳು.

“ನಾನು ಸರಿಯಾಗಿ ಕೂಗಲೇ ಇಲ್ಲ,” ಅಂದ ಅಪ್ಪ ಅವಸರದಲ್ಲಿ. “ಅವನಿಗೆ ಹೇಗೆ ಗೊತ್ತಾಗ್ಬೇಕು?”

“ಕೂಗಿದೆ ಅಪ್ಪ. ಏಳೋಕಾಗ್ತಿಲ್ಲ ಅಂತಾನೂ ಹೇಳಿದೆ.”

ಅಕ್ಕ ನೀರು ಕುಡಿದಳು. ಟೀಚರಮ್ಮನಿಗೆ ಮಾತು ಹುಡುಕಲು ಕಷ್ಟವಾದದ್ದನ್ನು ಆ ಮನೆ ಮೊದಲ ಸಲ ನೋಡಿತು. ಕೊನೆಗೆ ಸಿಕ್ಕಿದ್ದು ಇದು: “ಹೋಗ್ಲಿ ಬಿಡು. ಅಪ್ಪನೂ ಹಾಗೇ ಆಡ್ತಿದ್ದ. ಬೇಕಂತ ಮಾಡಿದ್ದಲ್ಲವಲ್ಲ.”

“ನಾನು ಬೇಕಂತ ಮಾಡಿದ್ನಾ ಅಕ್ಕಾ?” ಎಂದು ಕೇಳಿದಳು ಹೆಂಡತಿ.

ಹೆಂಡತಿ ಕೈ ತೊಳೆದು ಬಂದು ಕೂತಳು. ಅಳಲಿಲ್ಲ, ದನಿ ಏರಿಸಲಿಲ್ಲ. ಅವಳು ಕೂಗಾಡಿದ್ದರೆ ರೆಫರಿ ಎಷ್ಟೋ ಬದುಕಿಕೊಳ್ಳುತ್ತಿದ್ದ.

“ಪುಟ್ಟಿ, ಇವತ್ತಿಗೆ ಎಷ್ಟು ದಿನ ಆಯ್ತು?” ಎಂದಳು ಮಗಳಿಗೆ.

“ಇಪ್ಪತ್ತೆಂಟು, ಅಮ್ಮ.”

“ಆ ನಲವತ್ತು ನಿಮಿಷ ನಿಮಗೂ ನಿಮ್ಮಪ್ಪನಿಗೂ ಬಿಟ್ಟದ್ದು,” ಅಂದಳು ಗಂಡನಿಗೆ. “ಅವರು ಕ್ಷಮಿಸ್ತಾರೆ, ಕ್ಷಮಿಸಿಯೂ ಆಗಿದೆ. ಈ ಇಪ್ಪತ್ತೆಂಟು ದಿನ ನನ್ನದು.” ಆಮೇಲೆ ಮಂಚದ ಕಡೆ ತಿರುಗಿದಳು. “ಮಾವ, ನಿಮಗೂ ಗೊತ್ತಿತ್ತು. ದಿನಾ ನಿಮ್ಮ ಕಾಲ ಹತ್ರ ಕೂತು ಅತ್ತೆ. ಇರಲಿ ಬಿಡಮ್ಮ ಅಂದ್ರಿ.”

ಅಪ್ಪನ ಗಲ್ಲ ಎದೆಗೆ ತಾಗಿತು. “ತಪ್ಪಾಯ್ತು ತಾಯಿ,” ಅಂದ.

“ನಾಳೆ ಎಂಟಕ್ಕೆ ಕೆಲಸಕ್ಕೆ ಹೋಗ್ತೀನಿ. ಸೂಪರ್‌ವೈಸರ್ ಕೆಲಸ ಒಪ್ಕೋತೀನಿ. ಗಂಜಿ, ಬೆಡ್‌ಪ್ಯಾನ್, ನೆಲ, ಎಲ್ಲ ನಿಮ್ಮದು,” ಎಂದಳು ಮತ್ತೆ ಗಂಡನ ಕಡೆ ತಿರುಗಿ.

“ಮಾಡ್ತೀನಿ,” ಅಂದ ರೆಫರಿ. “ಎಲ್ಲ ಮಾಡ್ತೀನಿ. ಹೇಳೋಕೆ ಧೈರ್ಯ ಬರ್ಲಿಲ್ಲ ಕಣೆ. ಒಳಗೊಳಗೇ ಸತ್ತಿದೀನಿ, ನಿನಗೆ ಗೊತ್ತಿಲ್ಲ. ಒಂದು ತುತ್ತು ಇಳೀತಿರಲಿಲ್ಲ.”

“ಇಳೀತಿತ್ತು,” ಅಂದಳು ಹೆಂಡತಿ. “ಮಾವ ಮನೆಗೆ ಬಂದ ಮೊದಲ ಭಾನುವಾರ, ಇದೇ ಜಾಗದಲ್ಲಿ, ಅಕ್ಕನ ಹತ್ರ ತಪ್ಪಾಯ್ತು ಅಂತ ಕೈ ಮುಗಿದೆ. ನೀವು ಪಕ್ಕದಲ್ಲಿ ಕೂತು ಬೇಯಿಸಿದ ಮೊಟ್ಟೆ ಸುಲೀತಿದ್ರಿ. ಸುಲಿದು ತಿಂದ್ರಿ.”

ರೆಫರಿ ಇಲ್ಲವೆನ್ನಲು ಬಾಯಿ ತೆರೆದ. ಅಷ್ಟರಲ್ಲಿ ಅವನಿಗೇ ನೆನಪಾಯಿತು. ತಿಂದಿದ್ದ. ಅರ್ಧ ತಿಂದು ಉಪ್ಪು ಕೇಳಿದ್ದ. ಅವಳು ಕಣ್ಣೊರೆಸಿಕೊಂಡು ಎದ್ದು ಹೋಗಿ ತಂದುಕೊಟ್ಟಿದ್ದಳು.